ಅಪೂರ್ಣ ಶುಶ್ರೂಷೆಯ ಮಾಪನ

ಅಪೂರ್ಣ ಶುಶ್ರೂಷೆ ಎಂದರೆ ಆಸ್ಪತ್ರೆಯ ಒಳರೋಗಿಗೆ ಅಗತ್ಯವಿದ್ದೂ ದಾದಿಯರಿಂದ ಪೂರ್ತಿಯಾಗಿ ಅಥವಾ ಭಾಗಶಃ ನಡೆಯದೆ ಉಳಿದ, ಇಲ್ಲವೇ ತೀರ ತಡವಾಗಿ ನಡೆದ ಆರೈಕೆ. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ಬಾಯಿ ಸ್ವಚ್ಛಗೊಳಿಸುವುದು, ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಮನೆಗೆ ಹೊರಟವರಿಗೆ ಪಥ್ಯ ಮತ್ತು ಮಾತ್ರೆಗಳ ವಿವರ ತಿಳಿಸುವುದು ಮೊದಲಾದವು ಹೀಗೆ ಉಳಿದುಹೋಗಬಹುದಾದ ಕೆಲಸಗಳು. ತಪ್ಪು ಔಷಧಿ ಕೊಟ್ಟರೆ ಅದು ಒಂದು ಘಟನೆಯಾಗಿ ದಾಖಲಾಗಬಹುದು. ಮಗ್ಗುಲು ಬದಲಿಸದಿದ್ದರೆ ಏನೂ ದಾಖಲಾಗುವುದಿಲ್ಲ. ಕೆಲವು ದಿನಗಳ ಬಳಿಕ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಕಾಣಿಸಿಕೊಳ್ಳುತ್ತದೆ. ಕೇಸ್ ಶೀಟು ಮುಖ್ಯವಾಗಿ ಮಾಡಿದ ಕೆಲಸದ ದಾಖಲೆಯಾದ್ದರಿಂದ, ಮಾಡದೆ ಉಳಿದದ್ದನ್ನು ಅಳೆಯಲು ಬೇರೆ ವಿಧಾನಗಳು ಬೇಕಾದವು.

ಅಳೆಯುವ ವಿಧಾನಗಳು

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಬಿಯಾಟ್ರಿಸ್ ಕಾಲಿಶ್ ದಾದಿಯರೊಡನೆ ಗುಂಪು ಚರ್ಚೆ ನಡೆಸಿ, ಪದೇ ಪದೇ ಬಿಟ್ಟುಹೋಗುವ ಒಂಬತ್ತು ಬಗೆಯ ಆರೈಕೆಯನ್ನು 2006ರಲ್ಲಿ ಗುರುತಿಸಿದರು. ಇದರಿಂದ ಬೆಳೆದ 'ಮಿಸ್‌ಕೇರ್' ಪ್ರಶ್ನಾವಳಿ 2009ರಲ್ಲಿ ಪ್ರಕಟವಾಯಿತು. ಅದರ ಮೊದಲ ಭಾಗ ಯಾವ ಕೆಲಸ ಎಷ್ಟು ಸಲ ಉಳಿಯುತ್ತದೆಂದು ಕೇಳುತ್ತದೆ; ಎರಡನೆಯ ಭಾಗ ಕಾರಣವನ್ನು ಕೇಳುತ್ತದೆ. ಈ ಎರಡನೆಯ ಭಾಗವೇ ಹೆಚ್ಚು ಉಪಯುಕ್ತ. ಸಿಬ್ಬಂದಿಯ ಕೊರತೆ, ಸಾಮಗ್ರಿಯ ಅಭಾವ, ಪಾಳಿ ಬದಲಾಗುವಾಗ ಮಾಹಿತಿ ತಲುಪದಿರುವುದು ಇವೆಲ್ಲ ಅಲ್ಲಿ ಬೇರೆ ಬೇರೆಯಾಗಿ ಕಾಣುವುದರಿಂದ ದೋಷವೆಲ್ಲ ದಾದಿಯ ಮೇಲೆ ಬೀಳುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ 'ಬರ್ನ್ಕಾ' ಎಂಬುದು ಇಂಥದೇ ಮತ್ತೊಂದು ಪ್ರಶ್ನಾವಳಿ.

ಇಂಗ್ಲೆಂಡಿನ 46 ಆಸ್ಪತ್ರೆಗಳ ದಾದಿಯರಲ್ಲಿ ಶೇ. 86 ಮಂದಿ ತಮ್ಮ ಹಿಂದಿನ ಪಾಳಿಯಲ್ಲಿ ಕನಿಷ್ಠ ಒಂದು ಕೆಲಸವಾದರೂ ಸಮಯವಿಲ್ಲದೆ ಉಳಿಯಿತೆಂದು ತಿಳಿಸಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಉಳಿದದ್ದು ರೋಗಿಯೊಡನೆ ಮಾತನಾಡಿ ಸಾಂತ್ವನ ಹೇಳುವ ಕೆಲಸ. ಕೆಲಸ ಮುಗಿಬಿದ್ದಾಗ ಇಂಜೆಕ್ಷನ್ನು, ಸಲೈನುಗಳಿಗೆ ಮೊದಲ ಸ್ಥಾನ ಸಿಗುವುದು ಸಹಜವೇ.

ಪ್ರಶ್ನಾವಳಿ ದಾದಿಯ ನೆನಪನ್ನೂ ಪ್ರಾಮಾಣಿಕತೆಯನ್ನೂ ಅವಲಂಬಿಸಿದೆ. ಹೆಸರು ಬಯಲಾಗಿ ಮೇಲಧಿಕಾರಿಗಳಿಂದ ನೋಟಿಸು ಬರಬಹುದೆಂಬ ಅಂಜಿಕೆಯಿದ್ದರೆ ಉತ್ತರಗಳು ನಂಬಲರ್ಹವಾಗುವುದಿಲ್ಲ.

ಕರ್ನಾಟಕದ ಒಂದು ಪ್ರಯೋಗ

ನೇರ ವೀಕ್ಷಣೆ ಇನ್ನೊಂದು ಮಾರ್ಗ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿಯನ್ನು 2010ರಲ್ಲಿ ಕರ್ನಾಟಕದ ಒಂದು ಉಪಜಿಲ್ಲಾ ಮಟ್ಟದ ಹೆರಿಗೆ ಕೇಂದ್ರದಲ್ಲಿ ಪರೀಕ್ಷಿಸಲಾಯಿತು. ಪಟ್ಟಿ ಬರುವ ಮೊದಲು 499 ಹೆರಿಗೆಗಳನ್ನು ಗಮನಿಸಿದಾಗ, ಅತ್ಯಗತ್ಯವೆನಿಸಿದ 29 ಕ್ರಮಗಳಲ್ಲಿ ಪ್ರತಿ ಹೆರಿಗೆಗೆ ಸರಾಸರಿ 10 ಮಾತ್ರ ನಡೆದಿದ್ದವು. ಪಟ್ಟಿ ಬಳಕೆಗೆ ಬಂದ ಮೇಲೆ ಗಮನಿಸಿದ 795 ಹೆರಿಗೆಗಳಲ್ಲಿ ಈ ಸರಾಸರಿ 25ಕ್ಕೆ ಏರಿತು. ಆದರೂ ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಬೇಕು. ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಕ್ರಮಗಳ ಪಾಲನೆ ಹೆಚ್ಚಿತಾದರೂ ತಾಯಿ ಮತ್ತು ಶಿಶುಗಳ ಮರಣದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ.

ಜೊತೆಗಿರುವವರು ಮಾಡುವ ಆರೈಕೆ

ಪಾಶ್ಚಾತ್ಯ ಪ್ರಶ್ನಾವಳಿಗಳನ್ನು ಹಾಗೆಯೇ ಅನುವಾದಿಸಿ ಬಳಸಿದರೆ ಇಲ್ಲಿನ ಚಿತ್ರ ಸರಿಯಾಗಿ ಮೂಡುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನಂಥ ಊರುಗಳಲ್ಲಿ ಒಳರೋಗಿಯ ಬಳಿ ಮನೆಯವರೊಬ್ಬರು ಉಳಿಯುವುದು ರೂಢಿ. ಗಂಜಿ ಕುಡಿಸುವವರು, ಮೈ ಒರೆಸುವವರು, ಶೌಚಕ್ಕೆ ಕರೆದೊಯ್ಯುವವರು, ಸಲೈನು ಮುಗಿಯಿತೆಂದು ಸಿಸ್ಟರನ್ನು ಕರೆಯುವವರು ಬಹುಮಟ್ಟಿಗೆ ಅವರೇ. 'ರೋಗಿಗೆ ಉಣಿಸಲಾಯಿತೇ?' ಎಂಬ ಪ್ರಶ್ನೆಗೆ 'ಹೌದು' ಎಂಬ ಉತ್ತರ ಸತ್ಯವೇ ಆದರೂ, ಉಣಿಸಿದವರು ಯಾರೆಂಬುದು ಮರೆಯಾಗುತ್ತದೆ. ತಾಯಿಯ ಮಂಚದ ಬಳಿ ಕುಳಿತ ಇಳಕಲ್ಲಿನ ನೇಕಾರನೊಬ್ಬನ ಮಗ್ಗ ಎಷ್ಟು ದಿನ ನಿಂತಿತೆಂಬುದೂ ಆಸ್ಪತ್ರೆಯ ಲೆಕ್ಕಕ್ಕೆ ಬರುವುದಿಲ್ಲ. ಯಾರೂ ಇಲ್ಲದೆ ಒಬ್ಬಂಟಿಯಾಗಿ ದಾಖಲಾದ ವೃದ್ಧರಲ್ಲಿ ಮಾತ್ರ ಕೊರತೆ ಇದ್ದಕ್ಕಿದ್ದಂತೆ ಎದ್ದು ಕಾಣುತ್ತದೆ. ಆದ್ದರಿಂದ ಪ್ರತಿ ಕೆಲಸಕ್ಕೂ ದಾದಿ ಮಾಡಿದ್ದು, ಮನೆಯವರು ಮಾಡಿದ್ದು, ಯಾರೂ ಮಾಡದಿದ್ದದ್ದು ಎಂಬ ಮೂರು ಉತ್ತರಗಳನ್ನು ಪ್ರತ್ಯೇಕವಾಗಿ ಪಡೆಯುವುದು ಅಗತ್ಯ.

ಈ ವಿಂಗಡಣೆ ಸಿಬ್ಬಂದಿಯ ಸಂಖ್ಯೆಯನ್ನು ನಿರ್ಧರಿಸುವಾಗಲೂ ಮುಖ್ಯ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ರಜೆಯ ಸಲುವಾಗಿ ಶೇ. 30ರಷ್ಟು ಮಂದಿ ಹೆಚ್ಚುವರಿಯಾಗಿ ಬೇಕು. ಮನೆಯವರು ಮಾಡಿದ ಕೆಲಸವನ್ನೂ ವಾರ್ಡಿನ ಸಾಧನೆಯೆಂದು ಬರೆದುಕೊಂಡರೆ, ಇರುವ ದಾದಿಯರೇ ಸಾಕೆಂಬ ತೀರ್ಮಾನಕ್ಕೆ ಕಾಗದದ ಮೇಲೆ ಆಧಾರ ದೊರೆತುಬಿಡುತ್ತದೆ.