ಕಾಡಿನಲ್ಲಿ ಸಸಿಗಳೆಷ್ಟು?

ಬೆಂಗಳೂರಿನ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ ಕಡೆಯ ಮನೆಗಳಿಗೆ ಊರಿನಿಂದ ನೆಂಟರು ಬಂದರೆ ಒಂದು ಭಾನುವಾರ ಬನ್ನೇರುಘಟ್ಟಕ್ಕೆ ಮೀಸಲು. ಸಂಜೆ ಹಿಂದಿರುಗಿದ ಮಕ್ಕಳು ಹುಲಿ ನೋಡಿದೆವು, ಸಿಂಹ ನೋಡಿದೆವು ಎಂದು ಕುಣಿಯುತ್ತಾರೆ. ಅವರು ನೋಡಿದ್ದು ಜೈವಿಕ ಉದ್ಯಾನವನ್ನು. ಅಲ್ಲಿನ ಸಿಂಹಕ್ಕೆ ಹೊತ್ತಿಗೆ ಸರಿಯಾಗಿ ಮಾಂಸ ಬರುತ್ತದೆ, ಕಾಯಿಲೆಯಾದರೆ ವೈದ್ಯರು ಬರುತ್ತಾರೆ. ಅದು ದಷ್ಟಪುಷ್ಟವಾಗಿದ್ದರೆ ಪಕ್ಕದ ಕಾಡೂ ಚೆನ್ನಾಗಿದೆ ಎಂದು ಹೇಳಲಾಗದು.

ಪಕ್ಕದ ಕಾಡೇ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. 1974ರಲ್ಲಿ ಘೋಷಣೆಯಾದಾಗ ಅದರ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರ್; ಅಕ್ಕಪಕ್ಕದ ಕಾಡುಗಳು ಸೇರಿ ಈಗ ಸುಮಾರು 260. ಪ್ರಾಣಿಸಂಗ್ರಹಾಲಯ ಮತ್ತು ಸಫಾರಿ 2002ರಲ್ಲಿ ಬೇರೆ ಆಡಳಿತಕ್ಕೆ ಹೋದವು. ಹಾಗಾದರೆ ಟಿಕೆಟ್ ಇಲ್ಲದ ಆ ಕಾಡು ಹೇಗಿದೆ ಎಂದು ತಿಳಿಯುವುದು ಹೇಗೆ?

ಲದ್ದಿಯ ಲೆಕ್ಕ

ಎಲ್ಲರಿಗೂ ಮೊದಲು ಹೊಳೆಯುವುದು ಎಣಿಕೆ. ಆದರೆ ಪೊದೆಯ ಮರೆಯಲ್ಲಿ ಸುಳಿದಾಡುವ ಆನೆಯನ್ನು ಎಣಿಸುವುದು ಸುಲಭವಲ್ಲ. ಅದಕ್ಕೇ ಅರಣ್ಯ ಸಿಬ್ಬಂದಿ ಕಾಡಿನೊಳಗೆ ಒಂದು ನೇರ ಗೆರೆಯಂತೆ ನಡೆದು, ಎಡಬಲದಲ್ಲಿ ಕಂಡ ಲದ್ದಿಯನ್ನು ಎಣಿಸುತ್ತಾರೆ. ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ. ಒಂದು ಗುಡ್ಡೆ ಕರಗಲು 100 ದಿನ ಬೇಕು ಎಂದಿಟ್ಟುಕೊಳ್ಳಿ. ಆಗ ಒಂದೇ ಆನೆ ಓಡಾಡುವ ಜಾಗದಲ್ಲಿ ಯಾವಾಗ ಎಣಿಸಿದರೂ ಸುಮಾರು 1,600 ಗುಡ್ಡೆ ಇರಬೇಕು. 3,200 ಸಿಕ್ಕಿದರೆ ಎರಡು ಆನೆ. ಮಳೆಗಾಲದಲ್ಲಿ ಲದ್ದಿ ಬೇಗ ಕರಗುತ್ತದೆ, ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ. ಆದ್ದರಿಂದ ಆಯಾ ಕಾಡಿನಲ್ಲಿ, ಆಯಾ ಕಾಲದಲ್ಲಿ ಅದು ಎಷ್ಟು ದಿನ ಉಳಿಯುತ್ತದೆ ಎಂದು ಮೊದಲೇ ಅಳೆದಿರಬೇಕು. 2023ರ ಮೇ ತಿಂಗಳ ಗಣತಿಯಲ್ಲಿ ನೇರ ಎಣಿಕೆ, ಲದ್ದಿ ಎಣಿಕೆ, ನೀರಿನ ಹೊಂಡಗಳ ಬಳಿಯ ಎಣಿಕೆ ಮೂರೂ ನಡೆದವು. ಇಡೀ ಕರ್ನಾಟಕದ ಅಂದಾಜು 6,395 ಆನೆ.

ಚಿರತೆಗೆ ಇನ್ನೊಂದು ಉಪಾಯ. ನಮ್ಮ ಬೆರಳಚ್ಚಿನ ಹಾಗೆ ಒಂದರ ಮೈಚುಕ್ಕೆ ಇನ್ನೊಂದಕ್ಕಿಲ್ಲ. ಮರಕ್ಕೆ ಕಟ್ಟಿದ ಕ್ಯಾಮೆರಾ ತಾನಾಗಿಯೇ ಚಿತ್ರ ತೆಗೆಯುತ್ತದೆ, ಚುಕ್ಕೆ ಹೋಲಿಸಿ ಗುರುತು ಹಿಡಿಯುತ್ತಾರೆ. ಹೊಳೆಮತ್ತಿ ನೇಚರ್ ಫೌಂಡೇಶನ್ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನ ಅಂಚಿನಲ್ಲಿ 80ರಿಂದ 85 ಚಿರತೆಗಳಿವೆ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲೇ 54.

ಐವತ್ತನಾಲ್ಕು ಚಿರತೆ ಇದ್ದರೆ ಕಾಡು ಚೆನ್ನಾಗಿದೆ ಎಂದೇ? ಅವಸರ ಬೇಡ. ಕಾಡಿನಲ್ಲಿ ಬೇಟೆ ಸಿಗದಿದ್ದರೂ ಚಿರತೆ ಊರಂಚಿನ ನಾಯಿ, ಮೇಕೆ ಹಿಡಿದು ಬದುಕಿಕೊಳ್ಳುತ್ತದೆ. ಆದ್ದರಿಂದ ಅದರ ಹಿಕ್ಕೆಯನ್ನು ತೊಳೆದು, ಜೀರ್ಣವಾಗದೆ ಉಳಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಜಿಂಕೆ, ಕಡವೆ, ಕಾಡುಹಂದಿಯ ಕೂದಲು ಹೆಚ್ಚಿದ್ದರೆ ಕಾಡೇ ಅದಕ್ಕೆ ಊಟ ಹಾಕುತ್ತಿದೆ. ನಾಯಿಯ ಕೂದಲೇ ತುಂಬಿದ್ದರೆ ಊಟ ಊರಿನದು, ಕಾಡು ಬರೀ ಮಲಗುವ ಜಾಗ.

ಶಾಲೆ ಮುಚ್ಚಿದ ಊರು

ಕೆಲವು ಹಳ್ಳಿಗಳಲ್ಲಿ ಮನೆಗಳೆಲ್ಲ ಗಟ್ಟಿಮುಟ್ಟಾಗಿರುತ್ತವೆ, ಜಗಲಿಯ ಮೇಲೆ ಹಿರಿಯರೂ ಕೂತಿರುತ್ತಾರೆ. ಆದರೆ ಮಕ್ಕಳಿಲ್ಲದೆ ಶಾಲೆ ಮುಚ್ಚಿರುತ್ತದೆ. ಕಾಡಿಗೂ ಈ ಗತಿ ಬರಬಹುದು. ಬನ್ನೇರುಘಟ್ಟದ್ದು ಎಲೆ ಉದುರಿಸುವ ಒಣಕಾಡು. ದಿಂಡಿಗ, ಮತ್ತಿ, ಕಗ್ಗಲಿ, ಬಿದಿರು ಅಲ್ಲಿನ ಮೂಲನಿವಾಸಿಗಳು. ಮೇಲೆ ನೋಡಿದರೆ ಹಸಿರು ಚಪ್ಪರ. ಪರೀಕ್ಷಕರು ನೋಡುವುದು ಕೆಳಗೆ: ಆ ಮರದ ಬುಡದಲ್ಲಿ ಅದರದೇ ಸಸಿಗಳಿವೆಯೇ, ಮೊಣಕಾಲೆತ್ತರದ್ದೆಷ್ಟು, ಆಳೆತ್ತರದ್ದೆಷ್ಟು? ದೊಡ್ಡ ಮರಗಳಷ್ಟೇ ಇದ್ದು ನಡುವಿನ ಪ್ರಾಯದವು ಇಲ್ಲವೆಂದರೆ ಬೆಂಕಿಯೋ ಮೇಯುವ ದನವೋ ಕಳೆಯೋ ಸಸಿಗಳನ್ನು ಬೆಳೆಯಗೊಟ್ಟಿಲ್ಲ.

ಕಳೆಗಳಲ್ಲಿ ದೊಡ್ಡದು ಲಂಟಾನ. ಅಮೆರಿಕದ ಉಷ್ಣವಲಯದಿಂದ ತೋಟದ ಹೂಗಿಡವಾಗಿ ಭಾರತಕ್ಕೆ ಬಂದದ್ದು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಕಾಡಿಗೆಲ್ಲ ಹಂಚಿದವು. ಅದರ ಪೊದೆ ಹಬ್ಬಿದಲ್ಲಿ ಹುಲ್ಲು ಏಳುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಪೊದೆ ನೆಲದ ಬೆಂಕಿಯನ್ನು ಮರದ ಕೊಂಬೆಗೆ ಹತ್ತಿಸುವ ಏಣಿಯಾಗುತ್ತದೆ. ಆನೆಗೆ ದಿನಕ್ಕೆ ನೂರು ಕಿಲೋ ದಾಟುವ ಮೇವು ಬೇಕು. ಹುಲ್ಲು, ಬಿದಿರು ಕಡಿಮೆಯಾದ ಕಾಡಿನಂಚಿನಲ್ಲಿ ರಾಗಿ ತೆನೆ ಕಟ್ಟಿ ನಿಂತಿದ್ದರೆ ಅದು ಎಲ್ಲಿಗೆ ಹೋದೀತು? ರೈತನ ಹೊಲದ ನಷ್ಟದ ಪಟ್ಟಿಯೂ ಕಾಡಿನ ಸ್ಥಿತಿ ಹೇಳುವ ಒಂದು ದಾಖಲೆಯೇ.

ಸೊಂಟದ ಅಳತೆ

ಕಾಡಿನ ವಿಸ್ತೀರ್ಣದಷ್ಟೇ ಅದರ ಆಕಾರವೂ ಮುಖ್ಯ. 10 ಕಿಲೋಮೀಟರ್ ಉದ್ದ, 10 ಕಿಲೋಮೀಟರ್ ಅಗಲದ ಚೌಕದ ಅಂಚು 40 ಕಿಲೋಮೀಟರ್. ಅಷ್ಟೇ ನೆಲವನ್ನು 50 ಕಿಲೋಮೀಟರ್ ಉದ್ದ, 2 ಕಿಲೋಮೀಟರ್ ಅಗಲದ ಪಟ್ಟಿಯಾಗಿ ಎಳೆದರೆ ಅಂಚು 104 ಕಿಲೋಮೀಟರ್. ಅಂಚು ಹೆಚ್ಚಿದಷ್ಟೂ ರಸ್ತೆ, ದೀಪ, ನಾಯಿ, ಕಲ್ಲುಕ್ವಾರಿ ಹತ್ತಿರ. ಬನ್ನೇರುಘಟ್ಟ ಉತ್ತರದಿಂದ ದಕ್ಷಿಣಕ್ಕೆ ಚಾಚಿದ, ಅಲ್ಲಲ್ಲಿ ಸೊಂಟ ತೀರ ಸಣ್ಣದಾದ ಕಾಡು. ಆದರೂ ಅದಕ್ಕೆ ಉಸಿರು ಬರುವುದು ದಕ್ಷಿಣದಿಂದ: ಕಾವೇರಿ ವನ್ಯಧಾಮ ಮತ್ತು ತಮಿಳುನಾಡಿನ ತಳಿ, ಹೊಸೂರು ಕಾಡುಗಳ ಜೊತೆಗಿನ ಸಂಪರ್ಕದಿಂದ. ರಾಗಿಹಳ್ಳಿ ಬಳಿಯ ಕರಡಿಕಲ್–ಮಹದೇಶ್ವರ ಆನೆದಾರಿಯಂಥ ಕಿರಿದಾದ ಜಾಗ ಮುಚ್ಚಿದರೆ ಒಂದು ಕಾಡು ಎರಡು ತುಂಡಾಗುತ್ತದೆ.

ಸುತ್ತಲಿನ ನೆಲವನ್ನು ಕಾಯಲೆಂದೇ ಪರಿಸರ ಸೂಕ್ಷ್ಮ ವಲಯವಿದೆ. 2016ರ ಕರಡಿನಲ್ಲಿ ಅದು ಸುಮಾರು 269 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು ಸುಮಾರು 169. ಕಾಡಿನ ಒಳಗೆ ಎಷ್ಟೇ ಚೆನ್ನಾಗಿ ಕಾವಲು ಕಾದರೂ ಈ ನೂರು ಚದರ ಕಿಲೋಮೀಟರಿನ ವ್ಯತ್ಯಾಸವನ್ನು ತುಂಬಲಾಗದು.

ಕೇಂದ್ರ ಸರ್ಕಾರ 2006ರಿಂದ ರಾಷ್ಟ್ರೀಯ ಉದ್ಯಾನಗಳ ನಿರ್ವಹಣೆಗೆ ಅಂಕ ಕೊಡುತ್ತಿದೆ. ಯೋಜನೆ ಇದೆಯೇ, ಸಿಬ್ಬಂದಿ ಸಾಕೇ, ಫಲ ಬಂದಿದೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ. ಅಗತ್ಯವಾದ ಪರೀಕ್ಷೆಯೇ. ಆದರೆ ಅದು ಹೆಚ್ಚಾಗಿ ಕಾಯುವವರ ಅಂಕಪಟ್ಟಿ. ಕಾಡಿನ ಅಂಕಪಟ್ಟಿ ಇರುವುದು ನೆಲದಲ್ಲಿ.

ನೀವೇ ಮಾಡಿ ನೋಡಿ

ಸುಬ್ರಹ್ಮಣ್ಯಪುರದವರು ನೆಲದ ಈ ಅಂಕಪಟ್ಟಿ ಓದುವುದನ್ನು ಕಲಿಯಲು ಬನ್ನೇರುಘಟ್ಟದವರೆಗೂ ಹೋಗಬೇಕಿಲ್ಲ. ಕೆಲವೇ ಕಿಲೋಮೀಟರ್ ದೂರದಲ್ಲಿ ತುರಹಳ್ಳಿ ಕಾಡಿದೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದ್ದರು.

ಬೆಳಕು ಹರಿದ ಮೇಲೆ ನಾಲ್ಕೈದು ಮಂದಿ ಸೇರಿ ಹೋಗಿ. ಚಿರತೆಯ ಓಡಾಟವಿರುವ ಜಾಗ ಅದು. ಕಾಲುದಾರಿಯ ಮಗ್ಗುಲಲ್ಲಿ ಐದು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲದ ಜಾಗ ಆರಿಸಿ. ಏನನ್ನೂ ಕೀಳದೆ, ತುಳಿಯದೆ ಮೂರು ಲೆಕ್ಕ ಬರೆಯಿರಿ: ಮರಗಳೆಷ್ಟು, ಮೊಣಕಾಲಿಗಿಂತ ಗಿಡ್ಡದಾದ ಮರದ ಸಸಿಗಳೆಷ್ಟು, ಲಂಟಾನ ಎಷ್ಟು ಪಾಲು ನೆಲ ಆವರಿಸಿದೆ. ಪಕ್ಕದ ಯಾವ ಬಂಡೆ ಗುರುತು ಎಂಬುದನ್ನೂ, ದಿನಾಂಕವನ್ನೂ ಬರೆದಿಡಿ. ಮೊದಲ ವರ್ಷದ ಲೆಕ್ಕದಿಂದ ಏನೂ ಹೊಳೆಯುವುದಿಲ್ಲ. ಮುಂದಿನ ವರ್ಷ ಅದೇ ವಾರ ಅದೇ ಬಂಡೆಯ ಬಳಿ ನಿಂತು ಎಣಿಸಿ. ಹಳೆಯ ಸಸಿಗಳಲ್ಲಿ ಎಷ್ಟು ಮೊಣಕಾಲು ದಾಟಿವೆ ಎಂಬುದು ಆಗ ಕಾಣುತ್ತದೆ.