ಶಸ್ತ್ರಚಿಕಿತ್ಸಾ ರೆಸಿಡೆನ್ಸಿ: ಸಂಶೋಧನಾ ಪ್ರಬಂಧಗಳ ತೂಕವೆಷ್ಟು?

ಅಮೆರಿಕದಲ್ಲಿ ವೈದ್ಯ ಪದವಿಯ ನಂತರದ ತಜ್ಞ ತರಬೇತಿಯನ್ನು ರೆಸಿಡೆನ್ಸಿ ಎನ್ನಲಾಗುತ್ತದೆ. ಭಾರತದ ನೀಟ್-ಪಿಜಿಯಂತೆ ಒಂದೇ ಪರೀಕ್ಷೆಯ ರ‍್ಯಾಂಕ್ ಅಲ್ಲಿ ಸೀಟನ್ನು ನಿರ್ಧರಿಸುವುದಿಲ್ಲ.

ಯುಎಸ್‌ಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆಯ ಮೊದಲ ಹಂತವು 2022ರ ಜನವರಿಯಿಂದ ಅಂಕಗಳನ್ನು ಕೈಬಿಟ್ಟು ಉತ್ತೀರ್ಣ ಅಥವಾ ಅನುತ್ತೀರ್ಣ ಎಂದಷ್ಟೇ ತಿಳಿಸತೊಡಗಿದ್ದರಿಂದ, ನರಶಸ್ತ್ರಚಿಕಿತ್ಸೆಯಂತಹ ತೀವ್ರ ಪೈಪೋಟಿಯ ವಿಭಾಗಗಳಲ್ಲಿ ಅಭ್ಯರ್ಥಿಗಳನ್ನು ತೂಗಿನೋಡಲು ಸಂಶೋಧನೆಯೂ ಒಂದು ಮುಖ್ಯ ಮಾನದಂಡವಾಗಿದೆ.

ಸೀಟು ಹಂಚಿಕೆ ನಡೆಸುವ ಎನ್‌ಆರ್‌ಎಂಪಿ ಸಂಸ್ಥೆಯ 2022ರ ವರದಿಯಂತೆ, ನರಶಸ್ತ್ರಚಿಕಿತ್ಸೆಗೆ ಆಯ್ಕೆಯಾದ ಅಮೆರಿಕದ ಎಂ.ಡಿ. (ಅಲ್ಲಿನ ಮೂಲ ವೈದ್ಯ ಪದವಿ) ವಿದ್ಯಾರ್ಥಿಗಳ ಸಂಶೋಧನಾ ದಾಖಲೆಗಳ ಸರಾಸರಿ 25ನ್ನು ಮೀರಿತ್ತು. ಆದರೆ ಈ ಎಣಿಕೆಯಲ್ಲಿ ಪ್ರಕಟಿತ ಪ್ರಬಂಧಗಳೊಂದಿಗೆ ಸಾರಲೇಖಗಳೂ ಸಮ್ಮೇಳನದ ಮಂಡನೆಗಳೂ ಸೇರಿರುವುದರಿಂದ, ಒಂದೇ ಅಧ್ಯಯನ ಹಲವು ಬಾರಿ ಲೆಕ್ಕಕ್ಕೆ ಬರಬಹುದು.

ಪಟ್ಟಿ ಎಷ್ಟೇ ಉದ್ದವಿದ್ದರೂ, ಸಂದರ್ಶನದಲ್ಲಿ ತನ್ನ ಅಧ್ಯಯನದ ವಿಧಾನವನ್ನು ವಿವರಿಸಲಾಗದ ಅಭ್ಯರ್ಥಿಗೆ ಅದರಿಂದ ಹೆಚ್ಚಿನ ಪ್ರಯೋಜನವಾಗದು.