ಅರಬ್ಬೀ ಖುತ್ಬಾದ ನುಡಿಬೆಡಗು

ಹಳಿಯಾಳ, ದಾಂಡೇಲಿಗಳ ಮಸೀದಿಗಳಲ್ಲಿ ಶುಕ್ರವಾರ ಮಧ್ಯಾಹ್ನ ಸಾಮಾನ್ಯವಾಗಿ ಎರಡು ಬಗೆಯ ಉಪದೇಶ ನಡೆಯುತ್ತದೆ. ಮೊದಲನೆಯದು ಸಭಿಕರಿಗೆ ಅರ್ಥವಾಗಲೆಂದು ಉರ್ದುವಿನಲ್ಲಿ ಮಾಡುವ ‘ಬಯಾನ್’. ಎರಡನೆಯದು ಅರಬ್ಬೀ ‘ಖುತ್ಬಾ’. ಕಾಗದದ ಕಾರ್ಖಾನೆಯ ಕೆಲಸಗಾರರಾಗಲಿ ಹಳಿಯಾಳದ ಸುತ್ತಣ ಸಿದ್ದಿ ಮುಸಲ್ಮಾನರಾಗಲಿ, ಬಹುಮಂದಿಗೆ ಈ ಎರಡನೆಯದರ ಪದಾರ್ಥ ತಿಳಿಯದು. ತಿಳಿಯದ ಭಾಷೆಯಲ್ಲಿ ಅಲಂಕಾರಕ್ಕೇನು ಕೆಲಸವೆಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ. ಪ್ರಶ್ನೆ ಸಣ್ಣದಲ್ಲ.

ಪ್ರಾಚೀನ ಖುತ್ಬಾಗಳ ಶೈಲಿಗೆ ‘ಸಜ್‌ಅ’ ಎಂದು ಹೆಸರು. ಪಾರಿವಾಳದ ಗುಟುರಿಗೂ ಅರಬ್ಬೀಯಲ್ಲಿ ಇದೇ ಮಾತು. ಚಿಕ್ಕ ಚಿಕ್ಕ ವಾಕ್ಯಖಂಡಗಳು. ಒಂದರ ಕೊನೆಯ ಸದ್ದು ಮುಂದಿನದರ ಕೊನೆಯಲ್ಲಿ ಮರುದನಿಗೊಡುತ್ತದೆ. ಆದರೆ ಛಂದಸ್ಸಿನ ಕಟ್ಟಿಲ್ಲ. ಅಂತ್ಯಪ್ರಾಸದ ಮಾತೊಂದನ್ನು ಬಿಟ್ಟರೆ, ವಚನಗಳನ್ನು ಓದಿ ಬೆಳೆದ ಕನ್ನಡಿಗನಿಗೆ ಗದ್ಯಪದ್ಯಗಳ ನಡುವಣ ಈ ನೆಲ ಹೊಸದಲ್ಲ. 10ನೆಯ ಶತಮಾನದಲ್ಲಿ ಅಲೆಪ್ಪೊ ನಗರದ ಇಬ್ನ್ ನುಬಾತ ಈ ಶೈಲಿಯ ದೊಡ್ಡ ಖತೀಬನೆನಿಸಿದ. ಅವನಿಗೂ ಹಿಂದೆ, 8ನೆಯ ಶತಮಾನದ ಬಸ್ರಾದಲ್ಲಿ, ವಾಸಿಲ್ ಇಬ್ನ್ ಅತಾ ಎಂಬಾತನಿಗೆ ರೇಫ ಸರಿಯಾಗಿ ಉಚ್ಚರಿಸಲು ಬಾರದು. ಆತ ಆ ಅಕ್ಷರ ಒಮ್ಮೆಯೂ ಸುಳಿಯದಂತೆ ಇಡೀ ಖುತ್ಬಾ ನುಡಿದನೆಂದು ಪ್ರಸಿದ್ಧಿ. ನಮ್ಮ ಚಿತ್ರಕವಿಗಳು ಕೇಳಿದ್ದರೆ ಅಸೂಯೆಪಡುತ್ತಿದ್ದರು!

ರೂಪಕಕ್ಕೆ ಅರಬ್ಬೀ ಲಾಕ್ಷಣಿಕರು ಇಟ್ಟ ಹೆಸರು ‘ಇಸ್ತಿಆರ’, ಎಂದರೆ ಎರವಲು ತರುವುದು. 11ನೆಯ ಶತಮಾನದ ಅಬ್ದುಲ್ ಕಾಹಿರ್ ಜುರ್ಜಾನಿ ಇದನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾನೆ. ಖತೀಬರು ಎರವಲು ತಂದದ್ದು ಅರಮನೆಯಿಂದಲ್ಲ, ದಿನದ ದುಡಿಮೆಯಿಂದ. ಖಲೀಫ ಅಲಿಯವರ ಹೆಸರಿನಲ್ಲಿ ಷರೀಫ್ ರಜಿ ಸಂಕಲಿಸಿದ ‘ನಹಜುಲ್ ಬಲಾಗ’ದಲ್ಲಿ ಅಧಿಕಾರಕ್ಕೆ ಅರ್ಹನಾದವನು ಬೀಸುಕಲ್ಲಿನ ನಡುಗೂಟವಾಗುತ್ತಾನೆ. ಸತ್ಕರ್ಮ ದಾರಿಗೆ ಕಟ್ಟಿಕೊಂಡ ‘ಜಾದ್’ ಆಗುತ್ತದೆ. ಇದನ್ನು ‘ಪಾಥೇಯ’ವೆಂದು ಕನ್ನಡಿಸುವವರಿದ್ದಾರೆ, ‘ಬುತ್ತಿ’ ಎಂಬ ಮಾತು ಹಳಿಯಾಳದ ಹೊಲಗಳಲ್ಲಿ ಜೀವಂತವಾಗಿರುವಾಗ ಅದೇಕೆ ಬೇಕೋ ನಾನರಿಯೆ.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆ. ಇಹಲೋಕವನ್ನು ಖತೀಬರು ‘ಮಮರ್ರ್’ ಎನ್ನುತ್ತಾರೆ, ಹಾದುಹೋಗುವ ಎಡೆ. ಪರಲೋಕವನ್ನು ‘ಮಕರ್ರ್’ ಎನ್ನುತ್ತಾರೆ, ನೆಲೆನಿಲ್ಲುವ ಎಡೆ. ವ್ಯತ್ಯಾಸ ಒಂದೇ ವ್ಯಂಜನದ್ದು. ಎರಡು ಲೋಕಗಳ ಸಾಮೀಪ್ಯವನ್ನು ಆ ಸದ್ದೇ ಹೇಳಿಬಿಡುತ್ತದೆ. ಅರ್ಥವರಿಯದ ಕಿವಿಗೂ ಇದರ ಅರ್ಧ ಸಲ್ಲುತ್ತದೆ. ಉಳಿದರ್ಧವನ್ನು ಬಯಾನ್ ಕೊಡಬೇಕು. ಆದರೆ ಅನುವಾದಿಸುವವನು ವಿಧಿನಿಷೇಧಗಳನ್ನಷ್ಟೇ ಉಳಿಸಿ ಸದ್ದನ್ನೂ ರೂಪಕವನ್ನೂ ಕೈಬಿಟ್ಟರೆ ಎರಡು ಅರ್ಧಗಳೂ ಕೂಡುವುದೇ ಇಲ್ಲ.

ಕನ್ನಡದಲ್ಲಿ ಇದು ಸಾಧ್ಯವೇ? ‘ದಾಟುವ ಮನೆ, ನಾಟುವ ಮನೆ’ ಎಂದು ನಾನು ಪ್ರಯತ್ನಿಸಿದೆ. ಮನೆ ನಾಟುತ್ತದೆಯೇ ಎಂದು ಹುಡುಗ ಆಕ್ಷೇಪಿಸಿದ. ಜೋಯಿಡಾ ಕಡೆಯ ಅವನ ಸಹಪಾಠಿಯೊಬ್ಬ ಮಾತ್ರ ಒಪ್ಪಿದ. ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಮುಳುಗಿದಾಗ ಅವನ ಅಜ್ಜನ ಮನೆಯೂ ಹೋಗಿತ್ತಂತೆ; ಅಜ್ಜ ಹೊಸ ಊರಿನಲ್ಲಿ ಕೊನೆಯವರೆಗೂ ನಾಟಲಿಲ್ಲವಂತೆ.